ಅರ್ಧಕ್ಕೆ ನಿಂತ ಇಸ್ಪೀಟು

ತುಮ್ಮನಟ್ಟಿಯ ವಾಚನಾಲಯದ ಕಂಪ್ಯೂಟರಿನಿಂದ ಮುದುಕಿ ಕೆಂಪಿ ಹಾಡಿದ್ದ ಹಾಡುಗಳು ಮಾಯವಾಗಿದ್ದವು. ಕೆಂಪಿ ತೀರಿಕೊಂಡು ವಾರವಾಗಿತ್ತು. ಆಕೆಯ ದನಿ ಇನ್ನೆಲ್ಲೂ ಉಳಿದಿರಲಿಲ್ಲ.

ಊಟಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಭಿನಯಾ ಬಸ್ಸಿಳಿದು, ಕೋಸಿನ ಹೊಲಗಳ ನಡುವಿನ ಏರು ಹತ್ತಿ ಬರುವಷ್ಟರಲ್ಲಿ ಸೋತುಹೋಗಿದ್ದಳು. ಒಳಗೆ ಕಳ್ಳಿಯನ್ನು ಆಗಲೇ ಹಿಡಿದಾಗಿತ್ತು. ಕಸ ಗುಡಿಸುವ ವಳ್ಳಿ ಗೋಡೆಗೊರಗಿ ನಿಂತಿದ್ದಳು. ಅವಳ ಕೈಯಲ್ಲಿರಬೇಕಾದ ಬೀಗದ ಕೈ ಮೇಜಿನ ಮೇಲಿತ್ತು. ಕಿತ್ತುಕೊಂಡವನು ರಾಜೇಂದ್ರನ್, ಕೆಂಪಿಯನ್ನು ‘ಹೆತ್ತೆ’ ಎಂದು ಕರೆಯುತ್ತಿದ್ದ ಮೊಮ್ಮಗ. ಕಳ್ಳಿ ಎಂಬ ಹೆಸರು ಹೊತ್ತು ಹೊರಬಿದ್ದರೆ ಊರಿನ ಯಾವ ಮನೆಯೂ ವಳ್ಳಿಯನ್ನು ಕೆಲಸಕ್ಕೆ ಕರೆಯುವುದಿಲ್ಲ.

“ನಿನ್ನೆ ಸಾಯಂಕಾಲ ಹೆತ್ತೆಯ ಹಾಡೆಲ್ಲ ನಾನೇ ಇದರೊಳಗೆ ಹಾಕಿದೆ. ಬೆಳಿಗ್ಗೆ ನೋಡಿದರೆ ಇಲ್ಲ. ನಡುವೆ ಬಾಗಿಲು ತೆರೆದವಳು ಇವಳೊಬ್ಬಳೇ. ಇನ್ನೇನು ಕೇಳೋದಿದೆ?” ಎಂದ ರಾಜೇಂದ್ರನ್.

“ಹಾಡು ಹಿಡಿದ ರೆಕಾರ್ಡರಿನಲ್ಲಿ ಇಲ್ಲವಾ?” ಎಂದಳು ಅಭಿನಯಾ.

“ಅಳಿಸಿದೆ. ಒಂದು ಮದುವೆ ರೆಕಾರ್ಡ್ ಮಾಡೋಕೆ ಜಾಗ ಬೇಕಿತ್ತು.”

ಅಭಿನಯಾ ನಿಟ್ಟುಸಿರಿಟ್ಟಳು. ಮೇಜು ಒರೆಸಿದ್ದು ನಿಜ, ಯಂತ್ರ ಮುಟ್ಟಲಿಲ್ಲ, ಅದರ ದೀಪವೂ ಉರಿಯುತ್ತಿರಲಿಲ್ಲ ಎಂದು ವಳ್ಳಿ ನೆಲ ನೋಡುತ್ತಲೇ ಹೇಳಿದಳು. ಬೆಳಿಗ್ಗೆ ಅದರ ಸ್ವಿಚ್ಚು ಹಾಕಿದವನು ತಾನೇ, ಪಾಸ್‌ವರ್ಡ್ ಗೊತ್ತಿರುವುದೂ ತನಗೊಬ್ಬನಿಗೇ ಎಂದ ವಾಚನಾಲಯ ನೋಡಿಕೊಳ್ಳುವ ನಂಜುಂಡನ್.

“ಹಾಕಿದ ಕೂಡಲೇ ಏನು ಕಾಣಿಸ್ತು, ಅಣ್ಣ?”

“ಎಂದಿನ ಹಾಗೇ.”

“ಎಂದಿನ ಹಾಗೆ ಅಂದರೆ?”

ನಂಜುಂಡನ್ ಕೆಮ್ಮಿದ. “...ಇಸ್ಪೀಟು.”

“ಸಂಬಳ ಅದಕ್ಕಾ ಕೊಡೋದು?” ಎಂದ ರಾಜೇಂದ್ರನ್.

“ಹೊಸ ಆಟವೋ?” ಎಂದಳು ಅಭಿನಯಾ.

“ಹಿಂದಿನ ದಿನದ್ದೇ. ಕರೆಂಟು ಹೋಗೋ ಹೊತ್ತಾಯಿತು ಅಂತ ಅರ್ಧಕ್ಕೆ ಬಿಟ್ಟಿದ್ದೆ. ಕೆಂಪು ರಾಣಿ ಬರಬೇಕಿತ್ತು.”

ಅಭಿನಯಾ ಬಗ್ಗಿ ಗೋಡೆಯ ಪ್ಲಗ್ಗನ್ನೇ ಕಿತ್ತಳು. ಪರದೆ ಕಪ್ಪಾಯಿತು. ಇನ್ನು ಒಂದಕ್ಷರವೂ ಡಿಸ್ಕಿನ ಮೇಲೆ ಬೀಳಬಾರದು ಎಂದಳು. ಆಮೇಲೆ ರಾಜೇಂದ್ರನ್ ಕಡೆ ತಿರುಗಿದಳು.

“ಪಾಸ್‌ವರ್ಡ್ ಗೊತ್ತಿಲ್ಲದೆ ನೀವು ಕಂಪ್ಯೂಟರಿನೊಳಗೆ ಹೋದದ್ದು ಹೇಗೆ?”

“ನಂಜುಂಡನ್ ಆಗಲೇ ಮನೆಗೆ ಹೋಗಿದ್ದ, ಪೆನ್ ಡ್ರೈವಿನಿಂದ ಚಾಲೂ ಮಾಡಿದೆ. ಅದರಲ್ಲಿ ಬೇರೆ ಸಿಸ್ಟಮ್ ಇದೆ.”

“ಡಿಸ್ಕು ಸುಮ್ಮನೆ ತೆರೆಯಿತಾ?”

“ಏನೋ ಎಚ್ಚರಿಕೆ ಬಂತು. ಕತ್ತಲಾಗ್ತಿತ್ತು. ಬಲವಂತವಾಗಿ ತೆರೆದೆ.”

ಅವಳು ಬೆಂಚಿನ ಮೇಲೆ ಕುಳಿತಳು. ಇಂಥದ್ದನ್ನು ಎಷ್ಟು ಮನೆಗಳಲ್ಲಿ ಹೇಳಿಯಾಗಿತ್ತೋ.

“ದೀಪ ಆರಿತ್ತು, ಸರಿ. ಆದರೆ ಪೂರ್ತಿ ಆರಿಸಿದ ಯಂತ್ರದಲ್ಲಿ ಅರ್ಧ ಆಟ ಹಾಗೇ ಎದ್ದು ಬರೋದಿಲ್ಲ. ನಂಜುಂಡಣ್ಣ ಇದನ್ನ ಆರಿಸಲಿಲ್ಲ, ಮಲಗಿಸಿದರು — ಹೈಬರ್ನೇಟ್. ಆಗ ಅದು ತನ್ನ ತಲೆಯಲ್ಲಿದ್ದದ್ದನ್ನೆಲ್ಲ ಡಿಸ್ಕಿನಲ್ಲಿಟ್ಟು ಮಲಗುತ್ತೆ. ಇಸ್ಪೀಟೂ, ಡಿಸ್ಕಿನ ಯಾವ ಮೂಲೆ ಖಾಲಿ ಅನ್ನೋದೂ. ನೀವು ಆ ಹೊತ್ತಲ್ಲಿ ಹಿಂಬಾಗಿಲಿಂದ ಬಂದು ಹಾಡು ಇಟ್ಟಿರಿ. ಬೆಳಿಗ್ಗೆ ಅದು ಎದ್ದು ಹಳೇ ನೆನಪನ್ನೇ ನಂಬಿತು. ಹಾಡಿದ್ದ ಜಾಗ ಅದಕ್ಕೆ ಖಾಲಿ. ಅಲ್ಲೇ ತನ್ನದನ್ನ ಬರೆಯೋಕೆ ಶುರು ಮಾಡಿತು.”

“ಮತ್ತೆ ಮಲಗಿದ್ದನ್ನ ಎಬ್ಬಿಸೋದು ಹೇಗಮ್ಮಾ?” ಎಂದ ನಂಜುಂಡನ್.

“ಡಿಸ್ಕನ್ನ ಬೇರೆ ಯಾರೂ ಮುಟ್ಟೋ ಮೊದಲೇ. ಮುಟ್ಟಿಬಿಟ್ಟರೆ ಆ ಹಳೇ ನೆನಪನ್ನ ಎಸೆದು ಹೊಸದಾಗಿ ಶುರು ಮಾಡಬೇಕು. ಹಳೇ ಆಟವೂ ಹೊಸ ಹಾಡೂ ಎರಡೂ ಬೇಕು ಅಂದರೆ ಆಗಲ್ಲ.”

“ಹಾಗಾದರೆ ಅಳಿಸಿದ್ದು...” ಎಂದ ರಾಜೇಂದ್ರನ್.

“ನೀವೇ, ರಾಜೇಂದ್ರಣ್ಣ. ಎಚ್ಚರಿಕೆ ಬಂದಿದ್ದು ನಿಮಗೊಬ್ಬರಿಗೇ.”

ಅಭಿನಯಾ ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಓದಲು ಮಾತ್ರ ಬಿಟ್ಟು, ಹರಿದು ಚದುರಿದ್ದನ್ನು ಹೆಕ್ಕತೊಡಗಿದಳು. ಹೆಚ್ಚಿನವು ಚೂರಾಗಿದ್ದವು. ಒಂದು ತೊಟ್ಟಿಲ ಹಾಡು ಮಾತ್ರ ಪೂರ್ತಿ ಸಿಕ್ಕಿತು. ಕೆಂಪಿಯ ಉಬ್ಬಸದ ದನಿ ಕೋಣೆಯನ್ನು ತುಂಬಿತು. ರಾಜೇಂದ್ರನ್ ಕಿಟಕಿಯತ್ತ ಮುಖ ತಿರುಗಿಸಿ ನಿಂತ.

ಹಾಡು ಮುಗಿದ ಮೇಲೆ ಮೇಜಿನ ಮೇಲಿದ್ದ ಬೀಗದ ಕೈಯೆತ್ತಿ ವಳ್ಳಿಯ ಮುಂದೆ ಹಿಡಿದ. ತಪ್ಪಾಯಿತು ಎಂದ, ಅದೂ ಮೆಲ್ಲಗೆ.

ವಳ್ಳಿ ಕೈ ಚಾಚಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು.

“ಇನ್ನು ಬಾಗಿಲು ನೀವೇ ತೆಗೀರಿ,” ಎಂದಳು. “ನೀವು ಬಂದು ಕೂತ ಮೇಲೆ, ನಿಮ್ಮ ಕಣ್ಣೆದುರೇ ನಾನು ಗುಡಿಸ್ತೀನಿ.”