ಮೂಗೆತ್ತಿದ ದೋಣಿ

ಚಾಕು ನನ್ನ ಕಡೆಗೆ ತಿರುಗಿರಲಿಲ್ಲ.

ದೋಣಿಯ ಕಡೆಗೆ ತಿರುಗಿತ್ತು.

ಅದಕ್ಕೇ ಹೆಚ್ಚು ಹೆದರಿಕೆ. ನನ್ನ ಕಡೆ ಚಾಕು ಹಿಡಿದವರನ್ನು ನೋಡಿದ್ದೇನೆ, ಮಾತಾಡಿಸಿ ಮಾತಾಡಿಸಿ ಕೈ ಇಳಿಸಿದ್ದೇನೆ. ಆದರೆ ಗಾಳಿ ತುಂಬಿದ ರಬ್ಬರ್ ದೋಣಿಯ ಹೊಟ್ಟೆಗೆ ಚಾಕು ತಾಗಿಸಿ, ಆರಾಮಾಗಿ ಕೂತವನಿಗೆ ಏನು ಹೇಳೋದು?

ಸುತ್ತ ಕೆರೆ. ದಡ ಅಂದರೆ ದೂರದಲ್ಲೊಂದು ಹಸಿರು ಗೆರೆ. ನನ್ನ ಲೈಫ್ ಜಾಕೆಟ್ ಆಗಲೇ ಹಿಂದೆ ಎಲ್ಲೋ ತೇಲುತ್ತಿತ್ತು. ಬಿಚ್ಚು ಅಂದ, ಬಿಚ್ಚಿದೆ. ಎಸಿ ಅಂದ, ಎಸೆದೆ.

ಮತ್ತೆ... ನನಗೆ ಈಜು ಬರೋದಿಲ್ಲ.

ನಗಬೇಡಿ. ಕಾಣೆಯಾದವರನ್ನು ಹುಡುಕಿ ಕೊಡೋದು ನನ್ನ ಕಸುಬು. ಗೋಡೆ ಹಾರಿದ್ದೇನೆ, ಚಲಿಸೋ ಲಾರಿಯಿಂದ ಧುಮುಕಿದ್ದೇನೆ. ಬಕೆಟ್‌ಗಿಂತ ದೊಡ್ಡ ನೀರು ಕಂಡರೆ ಮಾತ್ರ ಮಂಡಿಯಲ್ಲಿ ಜೀವ ಇರೋದಿಲ್ಲ.

"ಇದರಲ್ಲಿ ಗಾಳಿಗೆ ಮೂರು ಚೇಂಬರ್," ಅಂದ ಅವನು. ಅಂಗಡಿಯಲ್ಲಿ ಮಾತಾಡಿದ ಅದೇ ನಯ. "ಒಂದು ತೂತಾದ್ರೆ ಮುಳುಗಲ್ಲ. ಸೇಫ್ ಪ್ರಾಡಕ್ಟ್. ಎರಡು ತೂತಾದ್ರೆ ಮಾತ್ರ ಸ್ವಲ್ಪ ಯೋಚನೆ ಮಾಡ್ಬೇಕು."

"ಏನು ಬೇಕು ನಿಂಗೆ?"

"ಹಲಗೆ."

"ಯಾವ ಹಲಗೆ?"

ಚಾಕುವಿನ ತುದಿ ರಬ್ಬರ್ ಮೇಲೆ ಒಂಚೂರು ಒತ್ತಿತು. ಅಲ್ಲೊಂದು ಗುಳಿ ಬಿತ್ತು.

ಇದು ಶುರುವಾದದ್ದು ಅಕ್ಕನಿಂದ. ಹಿಂದಿನ ದಿನ ಆಫೀಸಿಗೆ ಬಂದಳು. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ನಿನ್ನ ಭಾವ ಮನೆಗೆ ಬಂದಿಲ್ಲ."

"ಮೀನು ಹಿಡಿಯೋಕೆ ಹೋಗಿರ್ಬೇಕು."

"ಗಾಳ ಮನೇಲೇ ಇದೆ. ಫೋನ್ ಸ್ವಿಚ್ ಆಫ್. ಕಾಫಿ ಕುಡಿಯೋಕೆ ಹೊರಟ್ರೂ ಹೇಳಿ ಹೋಗೋ ಮನುಷ್ಯ ಅದು. ಊರವರ ಗಂಡಂದಿರನ್ನೆಲ್ಲ ಹುಡುಕಿ ಕೊಡ್ತೀಯಲ್ಲೋ. ನಂದೊಂದು ಹುಡುಕು."

ಅಕ್ಕ ಅತ್ತಿದ್ದು ನಾನು ನೋಡಿಲ್ಲ. ಆವತ್ತೂ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ, ಬೆರಳು ಬಿಳಿಚಿಕೊಂಡಿತ್ತು. ಅಷ್ಟೇ.

ಭಾವನಿಗೆ ಕನ್ನಡಕದ ಅಂಗಡಿ. ಇರುವೆ ಅಡ್ಡ ಬಂದರೆ ದಾರಿ ಬಿಟ್ಟು ನಡೆಯುವಂಥವರು. ಅವರಿಗಿದ್ದ ಒಂದೇ ಹುಚ್ಚು ಮೀನು. ಅದಕ್ಕೇ ಮಡಚಿ ಕಾರಿನ ಡಿಕ್ಕಿಯಲ್ಲಿ ಇಡುವಂಥ ಒಂದು ಪುಟ್ಟ ರಬ್ಬರ್ ದೋಣಿ ನೋಡುತ್ತಿದ್ದರು. ಕೊನೆಯದಾಗಿ ಹೋದದ್ದು ಕೆರೆ ಪಕ್ಕದ ದೋಣಿ ಅಂಗಡಿಗೆ. ಅಕ್ಕ ಅಲ್ಲಿಗೂ ಹೋಗಿ ವಿಚಾರಿಸಿದ್ದಳಂತೆ. ಬಂದಿದ್ರು, ನೋಡಿದ್ರು, ಹೋದ್ರು ಅಂದನಂತೆ ಅಂಗಡಿಯವನು.

ಮರುದಿನ ನಾನು ಗಿರಾಕಿಯಾಗಿ ಹೋದೆ.

ಅಂಗಡಿಯವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ದಪ್ಪ ಕುತ್ತಿಗೆ, ಬಿಳಿ ಟೋಪಿ, ಸದಾ ನಗು. ಒಳಗೆಲ್ಲ ಹೊಸ ರಬ್ಬರಿನ ವಾಸನೆ, ಅದರಡಿಯಲ್ಲಿ ಗೋಂದಿನ ವಾಸನೆ.

"ಒಬ್ಬರೇನಾ, ಜೊತೆಗೆ ಯಾರಾದ್ರೂ ಇರ್ತಾರಾ?" ಅಂದ. "ಕೂತು ಗಾಳ ಹಾಕ್ತೀರಾ, ನಿಂತು ಬೀಸ್ತೀರಾ?"

"ಅದಕ್ಕೂ ದೋಣಿಗೂ ಏನು ಸಂಬಂಧ?"

"ದೋಣಿ ಅಂದ್ರೆ ಚಪ್ಪಲಿ ಇದ್ದಂಗೆ ಸರ್. ಅಂಗಡೀಲಿ ಹೊಳೆಯೋದನ್ನಲ್ಲ, ನಿಮ್ಮ ಕಾಲನ್ನ ನೋಡಿ ತಗೋಬೇಕು. ಕೂತು ಹಿಡಿಯೋರಿಗೆ ಗಾಳಿ ತುಂಬೋ ತಳ ಸಾಕು, ಹಗುರ. ನಿಂತು ಬೀಸೋರಿಗೆ ಮರದ ಪಟ್ಟಿ ಇರೋ ತಳ ಬೇಕು. ಇಲ್ಲಾಂದ್ರೆ ಹಾಸಿಗೆ ಮೇಲೆ ನಿಂತಂಗೆ ಓಲಾಡ್ತೀರ."

"ಮೋಟರ್?"

"ಬ್ಯಾಟರಿದು ಇದೆ. ಶಬ್ದ ಇಲ್ಲ, ಮೀನು ಬೆದರಲ್ಲ. ಆದ್ರೆ ಆಮೆ ನಡಿಗೆ. ಬ್ಯಾಟರಿ ಹೊತ್ತು ಸೊಂಟ ಬೇರೆ ಹೋಗುತ್ತೆ. ಗಂಡಸರಿಗೆ ಪೆಟ್ರೋಲ್." ಗೋಡೆಗೆ ನೇತು ಹಾಕಿದ್ದ ಕಪ್ಪು ಮೋಟರನ್ನು ತಟ್ಟಿದ. "ಹಗ್ಗ ಎಳೆದ್ರೆ ಹುಲಿ."

ದೋಣಿಯ ಹಿಂಬದಿಯಲ್ಲಿ ಮೋಟರ್ ಕಚ್ಚಿಸಲು ಒಂದು ಮರದ ಹಲಗೆ ಇರುತ್ತೆ. ಅವನು ತೋರಿಸಿದ ದೋಣಿಯ ಮೇಲೆ, ಇದಕ್ಕೆ ಇಂತಿಷ್ಟೇ ಶಕ್ತಿಯ ಮೋಟರ್ ಹಾಕಬೇಕು ಅಂತ ಅಚ್ಚು ಹಾಕಿತ್ತು. ಕಪ್ಪು ಮೋಟರ್ ಅದರ ಎರಡರಷ್ಟು.

"ಇದಕ್ಕೆ ಅದು ತಡೆಯುತ್ತಾ?"

"ಕಂಪನಿ ಹಲಗೆ ತಡೆಯಲ್ಲ. ನಾನು ಅದನ್ನ ಕಿತ್ತು ದಪ್ಪದ್ದು ಅಂಟಿಸಿ ಕೊಡ್ತೀನಿ. ಸ್ಪೆಷಲ್ ವರ್ಕ್."

ಟ್ರಯಲ್ ಬೇಕು ಅಂದೆ. ದಡದ ಮೇಲೆ ವಿಚಾರಿಸಬಹುದಿತ್ತು... ಆದರೆ ಅಂಗಡಿಯ ಹಿಂದೆ, ಅವನು ದಿನಾ ಓಡಿಸುವ ದೋಣಿ ನೀರಲ್ಲಿ ಕಟ್ಟಿತ್ತು. ಅದರೊಳಗೆ ಒಂದು ಸಲ ಕಣ್ಣಾಡಿಸಬೇಕಿತ್ತು ನನಗೆ. ಹಲ್ಲು ಕಚ್ಚಿ ಹತ್ತಿದೆ.

ಕೆರೆಯ ಮಧ್ಯೆ ಬಂದಮೇಲೆ ಕಂಡಿತು. ತಳದ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಿತ್ತು. ಹಿತ್ತಾಳೆ ಹಿಡಿಯ, ಕಿರುಬೆರಳಷ್ಟೂ ಇಲ್ಲದ ಒಂದು ಸ್ಕ್ರೂಡ್ರೈವರ್. ಕನ್ನಡಕದ ಕಾಲು ಬಿಗಿ ಮಾಡುವಂಥದ್ದು. ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಮದುವೆ ಮಂಟಪಕ್ಕೂ ಬಂದಿದ್ದ ಪ್ರಾಣಿ ನಮ್ಮ ಭಾವ.

ನಾನು ಬಗ್ಗಿದೆ. ತಲೆ ಎತ್ತುವಷ್ಟರಲ್ಲಿ ಮೋಟರ್ ನಿಂತಿತ್ತು. ಅವನ ಕೈಯಲ್ಲಿ ಮೀನು ಸೀಳುವ ಚಾಕು.

"ನೀನು ಬಾಗಿಲಿಗೆ ಬಂದಾಗಲೇ ಗೊತ್ತಾಯ್ತು," ಅಂದ. ಸರ್ ಹೋಗಿತ್ತು, ಬಹುವಚನವೂ ಹೋಗಿತ್ತು. "ಅಕ್ಕ ತಮ್ಮಂದಿರಿಗೆ ಒಂದೇ ಮೂಗು. ಮೊನ್ನೆ ಅದೇ ಮೂಗು ನನ್ನ ಕೌಂಟರ್ ಮುಂದೆ ನಿಂತು ಜಗಳ ಆಡಿ ಹೋಯ್ತು."

ಆಮೇಲೆ ನಡೆದದ್ದು ನಿಮಗೆ ಗೊತ್ತು. ಜಾಕೆಟ್. ಮೂರು ಚೇಂಬರ್. ಹಲಗೆ.

"ಯಾವ ಹಲಗೆ ಅಂತ ನಿಜವಾಗ್ಲೂ ಗೊತ್ತಿಲ್ಲ," ಅಂದೆ.

ಅವನು ನಿಟ್ಟುಸಿರು ಬಿಟ್ಟ. ಗಿರಾಕಿಗೆ ಬೇಸರದಿಂದ ವಿವರಿಸುವವನ ಹಾಗೆ ಹೇಳಿದ. ಅವನು ಅಂಟಿಸಿ ಕೊಟ್ಟ ಹಲಗೆಯೊಂದು ನಡುನೀರಲ್ಲಿ ಕಿತ್ತುಕೊಂಡು ಬಂದಿತ್ತು. ಮೋಟರ್ ತಳ ಸೇರಿತು. ದೋಣಿಯಲ್ಲಿದ್ದ ಕ್ಷೌರಿಕನೂ ತಳ ಸೇರಿದ. ಎಲ್ಲರೂ ಅದನ್ನು ಗಾಳಿಯ ಕೆಲಸ ಅಂದುಕೊಂಡರು. ಆದರೆ ಆ ಹಲಗೆ ತೇಲಿ ದಡಕ್ಕೆ ಬಂತು. ಅಲ್ಲಿ ಗಾಳ ಹಾಕಿ ಕೂತಿದ್ದ ಭಾವನ ಕೈಗೆ ಸಿಕ್ಕಿತು. ದಿನಾ ಗಾಜಿನ ಗೀರು ನೋಡುವ ಕಣ್ಣು... ಹಳೇ ಗೋಂದನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಗೋಂದು ಬಳಿದ ಕಳ್ಳಕೆಲಸ ಕಂಡುಬಿಟ್ಟಿತು.

"ಪೊಲೀಸಿಗೆ ಹೋಗ್ಬೇಕಿತ್ತು ಅವನು," ಅಂದ ಕ್ಯಾಪ್ಟನ್. "ನೇರ ನನ್ನ ಹತ್ರ ಬಂದ. 'ನೀವಾಗೇ ಹೋಗಿ ಒಪ್ಕೊಳ್ಳಿ, ಮನಸ್ಸು ಹಗುರ ಆಗುತ್ತೆ' ಅಂದ. ಎಂಥಾ ಜನ ಇರ್ತಾರಪ್ಪ."

"ಭಾವ ಎಲ್ಲಿ?"

ಚಾಕುವಿನಿಂದಲೇ ತೋರಿಸಿದ. ಕೆರೆಯ ಆಚೆ ತುದಿಯಲ್ಲಿ ಒಂದು ಬಂಡೆ ದಿಬ್ಬ. ಅದರ ಮೇಲೆ ಹಳೇ ಪಂಪ್‌ಹೌಸ್. ಒಂದೇ ಒಂದು ಕಿಟಕಿ, ಅದಕ್ಕೆ ಕಬ್ಬಿಣದ ಸರಳು.

ಜೀವ ಬಂದ ಹಾಗಾಯಿತು. ಅರೆಗಳಿಗೆ ಮಾತ್ರ.

"ಹಲಗೆ ಎಲ್ಲಿಟ್ಟಿದ್ದೀಯ ಅಂತ ಕೇಳಿ ಕೇಳಿ ಸಾಕಾಯ್ತು," ಅಂದ. "ಹಸಿವಿಗೆ ಬಗ್ಗಲಿಲ್ಲ, ಹೊಡೆತಕ್ಕೆ ಬಗ್ಗಲಿಲ್ಲ. ಈಗ ಕಿಟಕೀಲಿ ನಿಲ್ಲಿಸ್ತೀನಿ. ನೀನು ಎದುರಿಗೆ ನೀರಲ್ಲಿರ್ತೀಯ. ಹೆಂಡ್ತಿ ತಮ್ಮ ಗುಟುಕು ಗುಟುಕಾಗಿ ನೀರು ಕುಡಿಯೋದನ್ನ ಎಷ್ಟು ಹೊತ್ತು ನೋಡ್ತಾನೆ?"

ಹೆಚ್ಚು ಹೊತ್ತು ನೋಡಲ್ಲ. ಅದು ನನಗೆ ಗೊತ್ತು. ತಕ್ಷಣ ಬಾಯಿ ಬಿಡುತ್ತಾರೆ. ಬಾಯಿ ಬಿಟ್ಟ ಮೇಲೆ ಇವನಿಗೆ ನಾವಿಬ್ಬರೂ ಬೇಕಾಗಿಲ್ಲ.

ಆ ಕಿಟಕಿ ಮುಟ್ಟುವ ಮೊದಲು ಏನಾದರೂ ಮಾಡಬೇಕು.

ಏನು?

"ಮುಂದೆ ಸರಿ," ಅಂದ. "ಪೂರ್ತಿ ಮುಂದೆ. ಮೂಗಿನ ಹತ್ರ ಕೂತ್ಕೋ."

ಚಾಕು ಹಲ್ಲಲ್ಲಿ ಕಚ್ಚಿ ಹಗ್ಗ ಎಳೆದ, ಚಾಕು ಮತ್ತೆ ಕೈಗೆ ಬಂತು. ಹುಲಿ ಎದ್ದಿತು.

ಎದುರುಗಾಳಿ. ಅವನು ಮೋಟರ್ ಹಿಡಿಯನ್ನು ತಿರುಗಿಸಿದ ಕೂಡಲೇ ದೋಣಿ ಮೂಗೆತ್ತಿತು. ನನ್ನ ಕೆಳಗೇ ಎತ್ತಿತು. ಅಲೆ ತಳಕ್ಕೆ ಬಡಿದಾಗಲೆಲ್ಲ ಹಲ್ಲಿಗೆ ಹಲ್ಲು ತಾಗುತ್ತಿತ್ತು. ಹೆದರಿ ಸ್ವಲ್ಪ ಹಿಂದೆ ಜರುಗಿದೆ. ಮೂಗು ಇನ್ನೂ ಎದ್ದಿತು. ಮುಂದೆ ಆಕಾಶವೇ ಕಂಡಿತು.

"ಮುಂದೆ! ಮುಂದೆ ಕೂತ್ಕೋ ಅಂದ್ನಲ್ಲ!"

ಅಲ್ಲಿಯವರೆಗೆ ಅವನು ಕೂಗಿರಲಿಲ್ಲ. ಚಾಕು ಹಿಡಿದಾಗಲೂ ಕೂಗಿರಲಿಲ್ಲ. ತಿರುಗಿ ನೋಡಿದೆ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ.

ಹೆದರಿಕೆ. ನನಗೆ ಅದರ ಗುರುತು ಚೆನ್ನಾಗಿದೆ.

ಆಗ ಲೆಕ್ಕ ತಲೆಗೆ ಹೋಯಿತು. ಹಿಂದೆ ಆ ದಪ್ಪ ದೇಹ, ಅಳತೆ ಮೀರಿದ ಮೋಟರ್, ಪೆಟ್ರೋಲ್ ಕ್ಯಾನ್. ಮುಂದೆ ನಾನೊಬ್ಬ. ತಳ್ಳುವ ಶಕ್ತಿಯೆಲ್ಲ ಹಿಂದೆ, ತಳಕ್ಕೆ ನುಗ್ಗುವ ಗಾಳಿ ಮುಂದೆ. ಈ ದೋಣಿಯನ್ನು ನೀರಿನ ಮೇಲೆ ಮಲಗಿಸಿ ಹಿಡಿದಿರುವುದು ನನ್ನ ಭಾರ ಮಾತ್ರ.

ನಾನು ಇಲ್ಲಿಲ್ಲದಿದ್ದರೆ...

ಇಲ್ಲಿಲ್ಲದಿರೋದು ಅಂದರೆ ಎಲ್ಲಿರೋದು? ನೀರಲ್ಲಿ.

ನಿಮಗೆ ಸುಳ್ಳು ಹೇಳಲ್ಲ, ಕೈ ಬರಲಿಲ್ಲ. ಪಕ್ಕದ ಹಗ್ಗ ಹಿಡಿದಿದ್ದ ಬೆರಳುಗಳು ಬಿಡಲೇ ಇಲ್ಲ. ಬಿಡು ಅಂದರೆ ಇನ್ನೂ ಬಿಗಿಯಾದವು. ಪಂಪ್‌ಹೌಸ್ ದೊಡ್ಡದಾಗುತ್ತಾ ಬಂತು. ಸರಳು ಕಂಡಿತು. ಸರಳಿನ ಹಿಂದೆ ಏನೋ ಬೆಳ್ಳಗೆ ಅಲುಗಿತು... ಶರ್ಟಿನ ತೋಳು.

ಮೂಗಿಗೆ ಕಟ್ಟಿದ್ದ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡೆ. ದೊಡ್ಡದೊಂದು ಅಲೆ ದೋಣಿಯನ್ನು ಎತ್ತಿತು.

ಕಣ್ಣು ಮುಚ್ಚಿ ಪಕ್ಕಕ್ಕೆ ಉರುಳಿದೆ.

ನೀರು ಕಿವಿಗೆ, ಮೂಗಿಗೆ, ಬಾಯಿಗೆ ಒಂದೇ ಸಲ ನುಗ್ಗಿತು. ಮೇಲೆ ಯಾವುದು, ಕೆಳಗೆ ಯಾವುದು, ಗೊತ್ತಾಗಲಿಲ್ಲ. ಅವ್ವಾ ಅಂದೆ, ಅದೂ ಗುಳ್ಳೆಯಾಗಿ ಹೋಯಿತು. ಮಣಿಕಟ್ಟು ಕಿತ್ತು ಬರುವ ಹಾಗೆ ಜಗ್ಗಿತು. ಎಲ್ಲೋ ದಪ್ ಅಂತ ಶಬ್ದ. ಆಮೇಲೆ ಹುಲಿಯ ಸದ್ದಿಲ್ಲ.

ಹಗ್ಗ ಹಿಡಿದು ಹಿಡಿದು ಮೇಲೆ ಬಂದೆ. ದೋಣಿ ಬೆನ್ನು ಮೇಲಾಗಿ ಬಿದ್ದಿತ್ತು. ಹಿಂದಕ್ಕೆ ಪಲ್ಟಿ ಹೊಡೆದು ಯಜಮಾನನ ತಲೆಯ ಮೇಲೇ ಬಿದ್ದಿತ್ತು. ಅದರ ಮೇಲೆ ಹೇಗೆ ಹತ್ತಿದೆನೋ, ಇವತ್ತಿಗೂ ಗೊತ್ತಿಲ್ಲ. ಹಲ್ಲಿಯ ಹಾಗೆ ಅಂಟಿಕೊಂಡೆ.

ಅವನು ಸ್ವಲ್ಪ ದೂರದಲ್ಲಿ ಎದ್ದ. ಅವನ ಲೈಫ್ ಜಾಕೆಟ್ ಅವನನ್ನು ತೇಲಿಸುತ್ತಿತ್ತು. ಚಾಕು ಇರಲಿಲ್ಲ. ಬಲಗೈ ಮೋಟರಿನ ಏಟಿಗೆ ನೇತಾಡುತ್ತಿತ್ತು.

"ಕೈ ಕೊಡು," ಅಂದ.

"ಪಂಪ್‌ಹೌಸ್ ಕೀಲಿ ಕೊಡು."

"ಕೈ ಮುರಿದಿದೆಯೋ..."

"ಇನ್ನೊಂದು ಇದೆಯಲ್ಲ. ಅದರಲ್ಲಿ ಕೊಡು."

ಕುತ್ತಿಗೆಯ ದಾರದಿಂದ ಕೀಲಿ ಕಿತ್ತು ಎಸೆದ. ಹಿಡಿದೆ. ನೀರಿಗೆ ಬಿಡುತ್ತೇನೆ ಅಂತ ಭಯವಾಗಿ ಬಾಯಲ್ಲೇ ಇಟ್ಟುಕೊಂಡೆ. ಆದರೆ ಗಾಳಿ ನಮ್ಮನ್ನು ಹಿಂದಕ್ಕೆ ತಳ್ಳುತ್ತಿತ್ತು. ಪಂಪ್‌ಹೌಸ್ ಮತ್ತೆ ಚಿಕ್ಕದಾಗತೊಡಗಿತು. ಕಿಟಕಿಯ ಬಿಳಿ ತೋಳು ಒಳಗೆ ಸರಿದುಹೋಯಿತು. ಬಿದ್ದರೋ, ಕೂತರೋ...

"ಏನಪ್ಪಾ ಇದು ಗಲಾಟೆ? ಇದ್ದಬದ್ದ ಮೀನೆಲ್ಲ ಓಡಿಹೋಯ್ತು."

ಹಿಂದೆ ಹೆಂಗಸಿನ ದನಿ. ಶಬ್ದವೇ ಇಲ್ಲದೆ ಬಂದಿದ್ದಳು. ಅಗಲ ಟೋಪಿ ಹಾಕಿದ ಅಜ್ಜಿ, ಬೂದು ಬಣ್ಣದ ಪುಟ್ಟ ರಬ್ಬರ್ ದೋಣಿ, ಹಿಂದೆ ಬ್ಯಾಟರಿ ಮೋಟರ್, ಮುಂದೆ ಭಾರಕ್ಕೆ ಬ್ಯಾಟರಿ. ದೋಣಿ ಚಾಪೆ ಹಾಸಿದ ಹಾಗೆ ನೀರಿನ ಮೇಲೆ ಕೂತಿತ್ತು.

ಕೀಲಿ ಉಗುಳಿ ವಿಷಯ ಹೇಳಿದೆ. ಅಜ್ಜಿ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. ಕ್ಷೌರಿಕನ ವಿಷಯ ಕೇಳಿದಾಗ ಅವಳ ಮುಖದ ನಗು ಆರಿತು. ಫೋನ್ ತೆಗೆದು ಪೊಲೀಸಿಗೆ ಮಾತಾಡಿದಳು.

"ನನ್ನನ್ನ?" ಅಂದ ಕ್ಯಾಪ್ಟನ್.

"ನಿನ್ನ ದೋಣಿ ಹಿಡ್ಕೋ. ಗಾಳಿ ದಡಕ್ಕೆ ಬಿಡುತ್ತೆ. ಅಲ್ಲಿ ಪೊಲೀಸರು ಕಾಯ್ತಾ ಇರ್ತಾರೆ."

ನನ್ನನ್ನು ಹತ್ತಿಸಿಕೊಂಡಳು.

"ಅಜ್ಜಿ, ಸ್ವಲ್ಪ ಬೇಗ ಹೋಗಲ್ವಾ ಇದು?"

"ಬೇಗ ಹೋಗೋ ದೋಣೀಲಿ ಈಗ ತಾನೇ ಹೋಗಿ ಬಂದ್ಯಲ್ಲ."

ದಿಬ್ಬ ಮುಟ್ಟುವವರೆಗೆ ಆ ಕಿಟಕಿಯನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಅಲುಗಲಿಲ್ಲ.

ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದೆ. ಬಾಗಿಲು ಕಿರುಗುಟ್ಟಿತು. ಒಳಗೆ ತುಕ್ಕು, ಕತ್ತಲು, ಪಾಚಿ ವಾಸನೆ.

"ಭಾವ?"

ಒಂದು ಹೆಜ್ಜೆ ಒಳಗಿಟ್ಟೆ.

"ಭಾವ..."

"ಯಾರದು?" ಮೂಲೆಯಿಂದ ಒಣಗಿದ ದನಿ. "ಸ್ವಲ್ಪ ಹತ್ತಿರ ಬನ್ನಿ. ಕನ್ನಡಕ ಒಡೆದಿದ್ದಾನೆ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರೇ ತಡಕಾಡಿಕೊಂಡು ಬಂದು ನನ್ನ ಒದ್ದೆ ತಲೆ ಮುಟ್ಟಿದರು. ತುಟಿ ಒಡೆದಿತ್ತು, ಒಂದು ಕಣ್ಣು ಊದಿತ್ತು. ಅಜ್ಜಿ ನೀರಿನ ಬಾಟಲಿ ಕೊಟ್ಟಳು. ಒಂದೇ ಉಸಿರಿಗೆ ಕುಡಿದು ಮುಗಿಸಿದರು.

"ಅಷ್ಟು ಏಟು ತಿಂದು ಬಾಯಿ ಬಿಡ್ಲಿಲ್ಲವಲ್ಲ," ಅಂದೆ. "ಎಲ್ಲಿದೆ ಆ ದರಿದ್ರ ಹಲಗೆ?"

"ಅಡುಗೆಮನೇಲಿ. ಒಲೆ ಹಿಂದೆ ಇಟ್ಟಿದ್ದೆ. ನಿಮ್ಮಕ್ಕ ತೊಳೆದು, ತರಕಾರಿ ಹೆಚ್ಚೋಕೆ ಇಟ್ಕೊಂಡುಬಿಟ್ಲು. ಹೇಳಿದ್ರೆ ಈ ಮನುಷ್ಯ ನೇರ ಅವಳ ಮುಂದೆ ಹೋಗಿ ನಿಲ್ತಿದ್ದ. ಅದಕ್ಕೇ ಹೇಳ್ಲಿಲ್ಲ."

ಭಾವ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸುತ್ತಾ ಕೇಳಿದರು. "ಕಿಟಕೀಲಿ ಮಸುಕು ಮಸುಕಾಗಿ ಕಾಣ್ತಿತ್ತು. ಯಾರೋ ನೀರಿಗೆ ಬಿದ್ರು. ಅದು ನೀನೇನಾ? ನಿಂಗೆ ಈಜು ಬರಲ್ವಲ್ಲೋ."

"ಬರಲ್ಲ ಭಾವ. ಒಂದು ಕಡೆ ನೀರಿನ ಭಯ, ಇನ್ನೊಂದು ಕಡೆ ನೀವು ಇಲ್ಲ ಅಂತ ಅಕ್ಕನಿಗೆ ಹೇಳೋ ಭಯ... ನೀರಿನ ಕಡೆ ಸ್ವಲ್ಪ ಹಗುರ ಕಾಣ್ತು."