ಎಡದಿಂದ ಬಲಕ್ಕೆ ಅವನು, ಮೇಲಿನಿಂದ ಕೆಳಕ್ಕೆ ಅವಳು

"ಯಾರ್ರೀ ಈ ಬಸ್ಸಿನ ಕಂಡಕ್ಟರ್? ಮೊದಲ ಕೆಳಗ ಇಳೀರಿ!"

ದೇವದುರ್ಗದ ಬಸ್ ನಿಲ್ದಾಣ. ಬೆಳಗಿನ ಒಂಬತ್ತೂಕಾಲು. ರಾಯಚೂರಿನಿಂದ ಮಾನ್ವಿ ಮೇಲೆ ಬಂದ ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಒಬ್ಬ ಹುಡುಗಿ ನಿಂತಿದ್ದಳು. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಮುಖ ಕೆಂಪಗೆ!

"ನಾನೇ ರೀ... ಏನಾತು?"

ಖಾಕಿ ಅಂಗಿಯ ಯುವಕ ಇಳಿದು ಬಂದ. ಅವಳು ಪತ್ರಿಕೆಯನ್ನು ಅವನ ಮೂಗಿನ ಮುಂದೆಯೇ ಬಿಚ್ಚಿದಳು.

"ಒಂದು ವಾರದಿಂದ ನೋಡಾಕತ್ತೀನಿ. ನನ್ನ ಪೇಪರ್ ಕೈಗೆ ಬರೋದ್ರಾಗ ಪದಬಂಧ ತುಂಬಿರ್ತದ. ಏಜೆಂಟರನ್ನ ಕೇಳಿದ್ರ, ಬಸ್ಸಿನ್ಯಾಗ ಕೇಳ್ರಿ ಅಂದ್ರು. ನೀವೇನು ಈ ಕೆಲಸ ಮಾಡೋರು?"

ಅವನ ಕೈ ತಾನಾಗಿಯೇ ಜೇಬಿನ ಪೆನ್ನನ್ನು ಮುಚ್ಚಿಕೊಂಡಿತು. ಪಾಪ, ಸಿಕ್ಕಿಬಿದ್ದ!

"ಹೌದ್ರಿ... ಸಿರವಾರದಾಗ ಬಸ್ಸು ಹತ್ತು ನಿಮಿಷ ನಿಲ್ತದ. ಹೊತ್ತು ಹೋಗಂಗಿಲ್ಲ. ಬಸ್ಸಿನ್ಯಾಗ ಬರೋ ಪೇಪರ್ ಕಟ್ಟಿನ ಮ್ಯಾಲಿಂದು ಒಂದು ತಗದು..."

"ತುಂಬೋದು ತುಂಬ್ತೀರಿ, ಸರಿಯಾಗಿ ಆದ್ರೂ ತುಂಬ್ರಿ! ಕಮಲಕ್ಕ ತಾವರೆ ಅಂತ ಬರದೀರಿ. ನಮ್ಮ ಹೆಡ್ ಮೇಡಂ ಹೇಳಿದ್ರು, ಅದು ನೀರಜ! ಅದೊಂದು ತಪ್ಪಿದ್ದಕ್ಕ ಸುತ್ತಮುತ್ತ ಮೂರು ಶಬ್ದ ಕೆಟ್ಟಾವ. ಅದೂ ಶಾಯಿಯಿಂದ!"

ಇಳಿಯುತ್ತಿದ್ದ ಪ್ರಯಾಣಿಕರು ನಕ್ಕರು. ಅವನು ನಗಲಿಲ್ಲ.

"ತಪ್ಪಾತ್ರಿ. ಇನ್ನ ಮ್ಯಾಲ ಮುಟ್ಟಂಗಿಲ್ಲ," ಎಂದ, ಅಷ್ಟೇ.

ಜಗಳಕ್ಕೆಂದು ಸೆರಗು ಬಿಗಿದು ಬಂದವಳಿಗೆ ಈಗ ಏನು ಮಾಡಬೇಕೋ ತಿಳಿಯಲಿಲ್ಲ. 'ಅಯ್ಯೋ, ಎಲ್ಲರೆದುರು ಇಷ್ಟು ಜೋರು ಮಾಡಬಾರದಿತ್ತೇನೋ...' ಎಂದುಕೊಳ್ಳುತ್ತಾ ಅವಳು ಶಾಲೆಯ ದಾರಿ ಹಿಡಿದಳು.

ಅವಳು ಹಸೀನಾ ಬೇಗಂ. ಮಾನ್ವಿಯ ಬಳೆ ಅಂಗಡಿ ಲಾಲ್ ಸಾಬರ ಮಗಳು. ದೇವದುರ್ಗದ ಉರ್ದು ಶಾಲೆಯಲ್ಲಿ ಟೀಚರ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಸೋದರತ್ತೆ ಶಹಜಾದಿ ಬೇಗಂ ಮನೆಯಲ್ಲಿ ವಾಸ. ಮನೆಯಲ್ಲಿ ಆಡುವುದು ದಖನಿ, ಓದಿದ್ದು ಉರ್ದು. ಕನ್ನಡ ಸಂತೆಯಲ್ಲಿ, ಅಂಗಡಿಯಲ್ಲಿ ಕಿವಿಯಿಂದ ಕಲಿತದ್ದು. ಮಾತಿಗೆ ನಿಂತರೆ ಯಾರಿಗೂ ಸೋಲುವವಳಲ್ಲ, ಆದರೆ ಅಚ್ಚಿನ ಕನ್ನಡ ಕಂಡರೆ ಬೆವರು!

ವರ್ಷದೊಳಗೆ ಇಲಾಖೆಯ ಕನ್ನಡ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಕಾಯಂ ಆಗುವುದಿಲ್ಲ. ದಿನಾ ಒಂದು ಪದಬಂಧ ಬಿಡಿಸು ಎಂದವರು ಹೆಡ್ ಮೇಡಂ. ಅಂಥ ಪದಬಂಧವನ್ನೇ ಯಾರೋ ಕೆಡಿಸಿದರೆ ಸಿಟ್ಟು ಬಾರದೇ ಇರುತ್ತದೆಯೇ, ಹೇಳಿ!

ಮರುದಿನ ಪತ್ರಿಕೆ ಬಂತು. ತೆರೆದು ನೋಡಿದರೆ... ಎಡದಿಂದ ಬಲಕ್ಕೆ ಹೋಗುವ ಶಬ್ದಗಳು ಮಾತ್ರ ತೆಳುವಾಗಿ ಪೆನ್ಸಿಲಿನಲ್ಲಿ ತುಂಬಿದ್ದವು. ಅಂಚಿನಲ್ಲಿ ಚಿಕ್ಕ ಅಕ್ಷರ: 'ಬಿಡಲಿಕ್ಕೆ ಆಗಲಿಲ್ಲ, ಕ್ಷಮಿಸಿ. ಮೇಲಿನಿಂದ ಕೆಳಕ್ಕೆ ನಿಮ್ಮದು.'

"ಎಷ್ಟು ಸೊಕ್ಕು ನೋಡು ಇವನಿಗೆ!" ಅಂದಳು ಹಸೀನಾ. ಅಂದವಳು ನಗುತ್ತಿದ್ದಳು.

ಹೀಗೆ ಶುರುವಾಯಿತು. ಅವನ ಹೆಸರು ಅಬ್ದುಲ್ ವಹೀದ್, ರಾಯಚೂರಿನವನು. ಬೆಳಿಗ್ಗೆ ಅವನು ಅರ್ಧ ತುಂಬಿ ತರುತ್ತಿದ್ದ. ಉಳಿದರ್ಧ ಅವಳು ಶಾಲೆ ಬಿಟ್ಟ ಮೇಲೆ ಬಿಡಿಸುತ್ತಿದ್ದಳು. ಮರುದಿನ ಬಸ್ಸು ತಿರುಗುವವರೆಗೆ ಎಲ್ಲರೆದುರು ನಿಂತು ಐದು ನಿಮಿಷದ ಚರ್ಚೆ.

"ವಹೀದ್ ಅವರ, ಸೂರ್ಯಗ ಎಷ್ಟು ಹೆಸರ್ರಿ? ಮೊನ್ನೆ ರವಿ, ನಿನ್ನೆ ದಿನಕರ, ಇವತ್ತು ಭಾಸ್ಕರ!"

"ನಮ್ಮ ಊರಿನ ಬಿಸಲಿಗೆ ಅಷ್ಟು ಹೆಸರು ಬೇಕಾಗ್ತಾವ ಬಿಡ್ರಿ."

ಇನ್ನೊಂದು ದಿನ ಅವಳು ಪತ್ರಿಕೆ ಹಿಡಿದು ಓಡೋಡಿ ಬಂದಳು.

"ನೋಡ್ರಿಲ್ಲೆ! ಬೊಕ್ಕಸ, ಮೂರು ಅಕ್ಷರ. ಖಜಾನೆ! ಇದು ನಮ್ಮ ಮನಿ ಮಾತಲ್ಲೇನ್ರಿ? ಕನ್ನಡದ ಪದಬಂಧದಾಗ ಹೆಂಗ ಬಂತು?"

"ಬಂದು ಬಾಳ ವರ್ಷ ಆತ್ರಿ. ಅರ್ಜಿ, ಜಮೀನು, ದವಾಖಾನಿ, ಎಲ್ಲಾ ಬಂದು ಕುಂತಾವ. ಯಾರೂ ಎದ್ದು ಹೋಗ್ರಿ ಅಂದಿಲ್ಲ."

ಅವಳಿಗೆ ಅಂದು ಎಷ್ಟು ಸಮಾಧಾನವಾಯಿತೆಂದರೆ! ಇಷ್ಟು ದಿನ ಪರರ ಮನೆಗೆ ಬಂದಂತೆ ಅಂಜಿ ಅಂಜಿ ಓದುತ್ತಿದ್ದ ಭಾಷೆಯೊಳಗೆ ಅಮ್ಮಿ ಅಡುಗೆಮನೆಯಲ್ಲಿ ಆಡುವ ಮಾತುಗಳೂ ಇದ್ದವು. ಆಮೇಲೆ ಅವಳು ಅಂಜಲಿಲ್ಲ.

ಇಬ್ಬರಿಗೂ ಬಾರದ ಶಬ್ದವಿದ್ದರೆ ವಹೀದ್ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮರುದಿನ ಉತ್ತರ ತರುತ್ತಿದ್ದ. ಬಿತ್ತುವ ಸಾಧನ, ಮೂರು ಅಕ್ಷರ... ಅದು ಕೂರಿಗೆ ಎಂದು ಬಳೆ ಅಂಗಡಿಯವರ ಮಗಳಿಗೆ ಹೇಗೆ ಗೊತ್ತಾಗಬೇಕು?

"ಯಾವ ಪಂಡಿತರನ್ನ ಕೇಳ್ತೀರಿ ನೀವು?"

"ನಮ್ಮ ಅಮ್ಮೀನ ರೀ. ಅಕ್ಷರ ಬರಂಗಿಲ್ಲ ಆಕಿಗೆ. ನಾವು ಬಾಗಲವಾಡ ಹಳ್ಳಿಯಾಗ ಇದ್ದಾಗ ಹೊಲದಾಗ ಕಳೆ ಕಿತ್ತು ನನ್ನ ಓದಿಸ್ಯಾಳ. ನಾ ಸುಳಿವು ಓದ್ತೀನಿ, ಆಕಿ ರೊಟ್ಟಿ ಬಡಿಯೋದು ಬಿಟ್ಟು ಹೇಳ್ತಾಳ."

ಮುಖವನ್ನೇ ನೋಡದ ಆ ತಾಯಿಯ ಮೇಲೆ ಹಸೀನಾಗೆ ಅದೆಂಥ ಅಕ್ಕರೆ ಹುಟ್ಟಿತೋ! ಇನ್ನು ಮಗನ ಮೇಲೆ... ಛೇ, ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಪರೀಕ್ಷೆ ಬರೆದಳು, ಪಾಸೂ ಆದಳು. ನಿಜ ಹೇಳಬೇಕೆಂದರೆ ಇನ್ನು ಪದಬಂಧ ಬೇಕಿರಲಿಲ್ಲ. ಆದರೂ ಒಂಬತ್ತು ಗಂಟೆಯಾದರೆ ಕಾಲು ತಾವಾಗಿಯೇ ನಿಲ್ದಾಣದ ಕಡೆ! ಬಸ್ಸು ಹತ್ತು ನಿಮಿಷ ತಡವಾದರೆ ರಸ್ತೆಯ ತಿರುವಿನಲ್ಲೇ ಕಣ್ಣು. 'ಇದೇನಾಯಿತು ನನಗೆ?' ಎಂದು ಕನ್ನಡಿ ಮುಂದೆ ನಿಂತು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಅಷ್ಟೇ.

ಆಗೆಲ್ಲ ಊರಿಂದೂರಿಗೆ ಬೇಗ ಮುಟ್ಟಬೇಕಾದ ಪತ್ರವನ್ನು ಕಂಡಕ್ಟರನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದರು. ಲಾಲ್ ಸಾಬರೂ ಮಗಳಿಗೆ ಹಾಗೆಯೇ ಕಳಿಸುತ್ತಿದ್ದರು. ಅವರಿಗೆ ವಹೀದನ ಹೆಸರು ಗೊತ್ತಿರಲಿಲ್ಲ, ಬರೀ 'ಕಂಡಕ್ಟರ್ ಸಾಬ್'.

ಒಂದು ಸೋಮವಾರ ವಹೀದ್ ಪತ್ರಿಕೆಯ ಜೊತೆ ಒಂದು ಲಕೋಟೆ ಕೊಟ್ಟ. ಅವನ ಕಿವಿ ಯಾಕೋ ಕೆಂಪಾಗಿದ್ದವು.

"ನಿಮ್ಮ ಅಬ್ಬಾ ಕೊಟ್ಟಾರ. ಓದ್ರಿ... ಉತ್ತರ ಇದ್ರ ನಾಳೆ ಒಯ್ತೀನಿ."

ಮನೆಗೆ ಬಂದು ಬಿಚ್ಚಿದಳು. ಉರ್ದುವಿನಲ್ಲಿ ನಾಲ್ಕೇ ಸಾಲು. 'ರಾಯಚೂರಿನಿಂದ ನಿನಗೆ ಮದುವೆಯ ಪೈಗಾಮ್ ಬಂದಿದೆ. ಹುಡುಗನ ತಾಯಿ ಬಂದು ಕೇಳಿ ಹೋಗಿದ್ದಾರೆ. ಹುಡುಗ ಸರ್ಕಾರಿ ನೌಕರ. ನೀನು ಹೂಂ ಅಂದರೆ ಮುಂದಿನ ಮಾತು.'

ಹೆಸರಿಲ್ಲ. ಅವರಲ್ಲಿ ಪದ್ಧತಿಯೇ ಹಾಗೆ. ಮೊದಲು ಹೆಂಗಸರು ಬಂದು ಕೇಳುವುದು, ಹುಡುಗನ ಹೆಸರು, ಚಹರೆ ಎಲ್ಲ ಆಮೇಲೆ.

ಅವಳು ಪತ್ರವನ್ನು ಮಡಚಿ ಇಟ್ಟಳು. 'ಬೇರೆ ಯಾರನ್ನೋ ಮದುವೆಯಾಗಬೇಕೇ? ದಿನಾ ಬೆಳಿಗ್ಗೆ ಅವನ ಮುಖ ನೋಡದೆ... ಯಾ ಅಲ್ಲಾ, ನನ್ನಿಂದಾಗದು!'

"ಫುಪ್ಪು, ನನಗ ಈ ಮದಿವಿ ಬ್ಯಾಡ," ಎಂದಳು.

"ಯಾರು, ಎಂಥೋರು ಅಂತ ಕೇಳದನ ಬ್ಯಾಡ ಅಂತೀಯೇನು?" ಶಹಜಾದಿ ಬೇಗಂ ಗದರಿದರು.

"ಕೇಳೋದೇನದ!"

ನೋಡಿ, ಒಂಬತ್ತು ತಿಂಗಳು ಪದಬಂಧ ಬಿಡಿಸಿದವಳು! ಸುಳಿವನ್ನು ಪೂರ್ತಿ ಓದದೆ ತುಂಬಬಾರದೆಂದು ಶಾಲೆಯ ಮಕ್ಕಳಿಗೆಲ್ಲ ಹೇಳುತ್ತಿದ್ದವಳು. ತನ್ನ ಸರದಿ ಬಂದಾಗ ಪೆನ್ನು ಹಿಡಿದು ಬರೆದೇಬಿಟ್ಟಳು: 'ನನಗೆ ಒಪ್ಪಿಗೆಯಿಲ್ಲ. ದಯವಿಟ್ಟು ಮತ್ತೆ ಕೇಳಬೇಡಿ.'

ಮರುದಿನ ಲಕೋಟೆ ಅಂಟಿಸಿ ವಹೀದನ ಕೈಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಇವತ್ತೇ ಮುಟ್ಟಿಸ್ತೀನ್ರಿ," ಎಂದ. ಎಷ್ಟು ಚೆನ್ನಾಗಿ ನಕ್ಕನೆಂದರೆ, ಅವಳಿಗೆ ಅಳು ಬಂದಂತಾಯಿತು.

ಆ ಪೈಗಾಮ್ ಕಳಿಸಿದವನು ಅವನೇ ಅಲ್ಲವೇ! ನಿಲ್ದಾಣದಲ್ಲಿ ನಿಂತು ಹುಡುಗಿಯನ್ನು ಕೇಳುವುದು ಮರ್ಯಾದೆಯಲ್ಲವೆಂದು, ತಾಯಿ ಸುಗ್ರಾ ಬೇಗಂ ಅವರನ್ನು ಮಾನ್ವಿಗೆ ಕಳಿಸಿದ್ದ. ಅಮ್ಮಿ ಹೇಳಿರುತ್ತಾಳೆ, ಪತ್ರದಲ್ಲಿ ತನ್ನ ಹೆಸರು ಇದ್ದೇ ಇರುತ್ತದೆ ಎಂದು ನಂಬಿದ್ದ.

ಮಾನ್ವಿಯ ಅಂಗಡಿಯಲ್ಲಿ ಲಾಲ್ ಸಾಬರು ಪತ್ರ ಓದಿ ನಿಟ್ಟುಸಿರಿಟ್ಟರು.

"ಏನ್ ಮಾಡಬೇಕು ಕಂಡಕ್ಟರ್ ಸಾಬ್... ರಾಯಚೂರಿಂದ ಪೈಗಾಮ್ ಬಂದಿತ್ತು. ನಮ್ಮ ಹುಡುಗಿ ಬ್ಯಾಡ, ಮತ್ತ ಕೇಳಬ್ಯಾಡ್ರಿ ಅಂತ ಬರದಾಳ."

ವಹೀದ್ ಚೀಲವನ್ನು ಹೆಗಲಿಗೇರಿಸಿದ. ಬಸ್ಸಿಗೆ ಹೊತ್ತಾಯಿತೆಂದು ತಿರುಗಿ ನಡೆದ.

ಬುಧವಾರ ಪತ್ರಿಕೆ ಬಂತು. ಪದಬಂಧ ಖಾಲಿ! ಬಸ್ಸಿನಿಂದ ಇಳಿದವನು ಗಡಿಗೆಪ್ಪನೆಂಬ ಬೇರೆ ಕಂಡಕ್ಟರ್. ರಜೆ ಇರಬೇಕೆಂದುಕೊಂಡಳು. ಗುರುವಾರವೂ ಖಾಲಿ. ಶುಕ್ರವಾರ ತಡೆಯಲಾಗಲಿಲ್ಲ.

"ಅಣ್ಣಾರ, ವಹೀದ್ ಅವರು ಬರಲಿಲ್ಲಲ್ಲ... ಆರಾಮ ಅದಾರಿಲ್ಲೋ?"

"ಶಕ್ತಿನಗರದ ರೂಟಿಗೆ ಹಾಕಿಸ್ಕೊಂಡಾನ್ರಿ ಟೀಚರ್. ಈ ಕಡೆ ಇನ್ನ ಬರಂಗಿಲ್ಲ ಅಂತಾನ." ಗಡಿಗೆಪ್ಪ ದನಿ ತಗ್ಗಿಸಿದ. "ಅವನ ಕಥಿ ಯಾಕ ಕೇಳ್ತೀರಿ! ಮಾನ್ವಿ ಬಳಿ ಅಂಗಡಿ ಲಾಲ್ ಸಾಬರ ಮಗಳನ್ನ ಕೇಳಿದ್ರಂತ. ಆಕಿ ಬ್ಯಾಡ ಅಂತ ಪತ್ರ ಬರದಾಳ. ಆ ಪತ್ರಾನ ಯಾರ ಕೈಯಾಗ ಕಳಿಸ್ಯಾಳ ಗೊತ್ತೇನ್ರಿ? ಅವನ ಕೈಯಾಗನ! ಎಂಥಾ ಕಲ್ಲು ಮನಸೋ ಏನೋ..."

ಹಸೀನಾ ನಿಲ್ದಾಣದ ಕಂಬ ಹಿಡಿದುಕೊಂಡಳು. ಆ ಕೆಂಪು ಕಿವಿ... ಆ ನಗು... ಎರಡೂ ಕೈಯಲ್ಲಿ ತೆಗೆದುಕೊಂಡ ಆ ಲಕೋಟೆ... 'ಅಯ್ಯೋ, ನಾನೇನು ಮಾಡಿಬಿಟ್ಟೆ!'

ಅವಳು ಅತ್ತಳು. ಆಮೇಲೆ ಮುಖ ತೊಳೆದು, ಮರುದಿನಕ್ಕೆ ರಜೆ ಬರೆದುಕೊಟ್ಟಳು. ವಿಷಯವೆಲ್ಲ ಕೇಳಿದ ಶಹಜಾದಿ ಬೇಗಂ ಬುರ್ಖಾ ಕೊಡವಿದರು.

"ಒಬ್ಬಾಕೀನ ಹೋಗಬ್ಯಾಡ. ನಾನೂ ಬರ್ತೀನಿ. ಅವತ್ತೇ ಬಡಕೊಂಡೆ, ಕೇಳು ಅಂತ!"

ಶನಿವಾರ ಬಸ್ಸು ಮಾನ್ವಿಯಲ್ಲಿ ನಿಂತಾಗ ಹಸೀನಾ ಅಂಗಡಿಗೆ ಓಡಿದಳು.

"ಅಬ್ಬಾ, ಆ ಪೈಗಾಮ್... ನನಗ ಒಪ್ಪಿಗಿ ಅದ!"

ಲಾಲ್ ಸಾಬರ ಕೈಯಲ್ಲಿದ್ದ ಬಳೆಗಳು ಕೈಯಲ್ಲೇ ಉಳಿದವು. "ಹುಚ್ಚು ಹಿಡಿದದೇನು ಬೇಟಿ? ಬ್ಯಾಡ ಅಂತ ಹೇಳಿ ಕಳಿಸೀನಲ್ಲ! ಆ ತಾಯಿ ಬಾಳ ನೊಂದ್ಕೊಂಡಾರ. ನಾಳೆ ಯಾದಗಿರಿಗೆ ಬ್ಯಾರೆ ಹೆಣ್ಣು ನೋಡಾಕ ಹೊಂಟಾರಂತ."

ನಾಳೆ! ಉಳಿದಿರುವುದು ಒಂದೇ ದಿನ!

ಅವಳು ಅತ್ತೆಯ ಜೊತೆ ಮತ್ತೆ ಬಸ್ಸು ಹತ್ತಿ ರಾಯಚೂರು ಮುಟ್ಟಿದಳು. ನಿಲ್ದಾಣದ ಇನ್ನೊಂದು ತುದಿಯಿಂದ ಆ ದನಿ ಕೇಳಿತು: "ಶಕ್ತಿನಗರ... ಶಕ್ತಿನಗರ... ಬರ್ರಿ, ಬರ್ರಿ!" ಅವಳ ಕಣ್ಣು ತುಂಬಿಬಂದವು. ಅತ್ತೆಯ ಕೈ ಹಿಡಿದು ಆ ಬಸ್ಸು ಹತ್ತಿದಳು.

ಬಸ್ಸು ಹೊರಟಿತು. ವಹೀದ್ ಟಿಕೆಟ್ ಕೊಡುತ್ತಾ ಬಂದ. ಸೊರಗಿದ್ದ. ತಲೆ ಎತ್ತದೆಯೇ ಕೇಳಿದ, "ಎಲ್ಲಿಗ್ರಿ?"

"ಶಕ್ತಿನಗರ. ಎರಡು."

ಅವನ ಕೈ ನಿಂತಿತು. ನೋಡಿದ. ಮುಖದಲ್ಲಿ ಏನೇನೋ ಬಂದು ಹೋಯಿತು. ಎರಡು ಟಿಕೆಟ್ ಹರಿದು ಕೊಟ್ಟು, ಹಿಂದಿನ ಸೀಟಿಗೆ ನಡೆದುಬಿಟ್ಟ.

ಹಸೀನಾ ಕಾದಳು. ಶಕ್ತಿನಗರದ ವಿದ್ಯುತ್ ಸ್ಥಾವರದ ಕೆಲಸಗಾರರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸಿ ಅವನು ಮುಂದಕ್ಕೆ ಬರಲೇಬೇಕಿತ್ತು. ಬಂದ.

"ಒಂದು ಮಾತು ಕೇಳ್ರಿ," ಎಂದಳು.

"ಮತ್ತ ಕೇಳಬ್ಯಾಡ್ರಿ ಅಂತ ಬರದೀರಲ್ರಿ."

"ಯಾರಿಗೆ ಬರದೆ ಅಂತ ನನಗ ಗೊತ್ತಿರಲಿಲ್ಲ. ಅಬ್ಬಾ ಹೆಸರು ಬರೀಲಿಲ್ಲ. ನಾನೂ ಕೇಳಲಿಲ್ಲ."

ವಹೀದ್ ಮೇಲಿನ ಕಂಬಿ ಹಿಡಿದು ನಿಂತ. "ಹೆಸರು ಕೇಳದನ ಬ್ಯಾಡ ಅಂದ್ರೇನು? ಯಾಕ್ರಿ?"

ಇಷ್ಟು ದೂರ ಬಂದವಳು ಇನ್ನು ನಾಚಿ ಏನು ಮಾಡುವುದು? ಅವಳು ಅವನ ಕಣ್ಣನ್ನೇ ನೋಡಿದಳು.

"ನೀವು ಅಂತ ಕನಸಿನ್ಯಾಗೂ ಅನ್ಕೊಂಡಿರಲಿಲ್ಲ. ನಿಮ್ಮನ್ನ ಬಿಟ್ಟು ಯಾರೇ ಆದ್ರೂ ನನಗ ಬ್ಯಾಡಾಗಿತ್ತು. ಅದಕ್ಕ."

ಬಸ್ಸಿನ ಸದ್ದಿನಲ್ಲೂ ಆ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಅಂಗಿಯ ಕಿಸೆ ಮುಟ್ಟಿಕೊಂಡ.

"ಆ ಪತ್ರ ನಾ ಚೀಲದಾಗ ಹಾಕಿರಲಿಲ್ಲರಿ. ಅಂಗಿ ಕಿಸೆದಾಗ ಇಟ್ಕೊಂಡಿದ್ದೆ. ಹೂಂ ಅಂದೀರಿ ಅಂತ ತಿಳಕೊಂಡು... ಮಾನ್ವಿ ಬರೋತನ ಒಬ್ಬನ ನಗಾಕತ್ತಿದ್ದೆ."

"ಮಾಫ್ ಮಾಡ್ರಿ," ಎಂದಳು. ಕಣ್ಣೀರು ನಿಲ್ಲಲಿಲ್ಲ. "ನಾಳೆ ಯಾದಗಿರಿಗೆ ಹೋಗ್ತೀರೇನು?"

"ಅಮ್ಮಿ ಹೊಂಟಾಳ. ನಾ ಇನ್ನಾ ಏನೂ ಅಂದಿಲ್ಲ."

"ಹಂಗಾದ್ರ ಇವತ್ತು ಹೇಳ್ರಿ, ದೇವದುರ್ಗದ ಟೀಚರ್ ತಾನೇ ಬಂದು ಕೇಳ್ಯಾಳ ಅಂತ. ಹೆಣ್ಣು ಕೊಡ್ರಿ ಅನ್ನೋದಲ್ಲ, ನಿಮ್ಮ ಮಗನ್ನ ಕೊಡ್ರಿ ಅಂತ!"

ವಹೀದ್ ನಕ್ಕುಬಿಟ್ಟ. ಕಣ್ಣು ಒದ್ದೆಯಾಗಿದ್ದವು. "ನಾ ಹೇಳಿದ್ರ ಅಮ್ಮಿ ನಂಬಂಗಿಲ್ಲರಿ."

ಅಷ್ಟು ಹೊತ್ತೂ ನಿದ್ದೆ ಹೋದಂತೆ ಕುಳಿತಿದ್ದ ಶಹಜಾದಿ ಬೇಗಂ ಕಣ್ಣು ತೆರೆಯದೆಯೇ ಹೇಳಿದರು, "ಬಸ್ಸು ತಿರುಗಿ ಹೋಗಲಿ ಬಾಬಾ. ನಿಮ್ಮ ಅಮ್ಮಿ ಮುಂದ ಕುಂತು ನಾನೇ ಹೇಳ್ತೀನಿ. ಈಕಿ ಹೇಳಿದ್ರ ಮತ್ತೊಂದೇನಾರ ಗೊಂದಲ ಆಗ್ತದ!"

ಹಸೀನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಸ್ವಲ್ಪ ಬಾಗಿದ. ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

"ಹಸೀನಾ... ದೇವದುರ್ಗದ ಡ್ಯೂಟಿ ಮತ್ತ ಕೇಳ್ಲೇನು?"

"ಇವತ್ತೇ ಕೇಳ್ರಿ," ಎಂದಳು ಅವಳು, ಸೆರಗು ಸರಿಸದೆ. "ನನಗ ಕಾಯಾಕ ಆಗಂಗಿಲ್ಲ."