ಮುಚ್ಚಳ ಮರೆತ ಭಾನುವಾರ

"ನಿಲ್ಸಿ! ನೀರು ಹಾಕ್ಬೇಡಿ ಅಂದ್ನಲ್ಲ!"

ನಂಜನಗೂಡಿನ ಬಸ್ ಸ್ಟ್ಯಾಂಡ್ ಎದುರು, ಮಟಮಟ ಮಧ್ಯಾಹ್ನ, ನಾಲ್ಕು ಜನ ತಿರುಗಿ ನೋಡುವಂತೆ ಕೂಗಿದವಳು ರಾಣಿ. ಕೂಗಿಸಿಕೊಂಡವನು ಚೆಲುವರಾಜು. ಅವನ ಹಳೆಯ ಬಿಳಿ ಕಾರಿನ ಬಾನೆಟ್ಟಿನಿಂದ ಬುಸಬುಸನೆ ಹಬೆ ಏಳುತ್ತಿತ್ತು. ಪುಣ್ಯಾತ್ಮ, ಕಾದ ಇಂಜಿನ್ ಮೇಲೆ ಒಂದು ಬಕೆಟ್ ತಣ್ಣೀರು ಸುರಿಯಲು ಹೊರಟಿದ್ದ!

ರಾಣಿ ಸ್ಕೂಟರ್ ನಿಲ್ಲಿಸಿ ಓಡಿಬಂದು ಬಕೆಟ್ಟಿಗೆ ಕೈ ಹಾಕಿದಳು. ಅವನೂ ಬಿಡಲಿಲ್ಲ. ಅರ್ಧ ನೀರು ಅವನ ಪ್ಯಾಂಟಿನ ಮೇಲೆ, ಉಳಿದರ್ಧ ಅವಳ ಸೀರೆಯ ಮೇಲೆ!

"ಏನ್ರೀ ಇದು? ನನ್ನ ಕಾರು, ನನ್ನ ನೀರು!"

"ಕಾದಿರೋ ಇಂಜಿನ್ನು ಸೀಳು ಬಿಡ್ತದೆ ಕಣ್ರೀ. ಆಮೇಲೂ ಕಾರು ನಿಮ್ದೇ, ಓಡಲ್ಲ ಅಷ್ಟೇ."

ಅವನು ಕಣ್ಣು ಕಣ್ಣು ಬಿಟ್ಟ. "ನೀವು ಮೆಕ್ಯಾನಿಕ್ಕಾ?"

"ಅಲ್ಲ, ಪೋಸ್ಟಾಫೀಸಲ್ಲಿ ಕೆಲ್ಸ. ನಮ್ಮಪ್ಪ ಟ್ಯಾಕ್ಸಿ ಓಡಿಸ್ತಿದ್ರು."

ಒದ್ದೆ ಸೆರಗು ಹಿಂಡುತ್ತಿದ್ದವಳನ್ನು ಅವನು ನೋಡಿದ. ಅವಳೂ ನೋಡಿದಳು. ಅಷ್ಟೇ... ಅಷ್ಟೇ ಅಂದರೆ ನೀವು ನಂಬುತ್ತೀರಾ?

ಮುಂದಿನ ಭಾನುವಾರ ಅವನು ರಾಣಿಯ ಮನೆಯಂಗಳದಲ್ಲಿದ್ದ. "ತಾಲ್ಲೂಕು ಆಫೀಸಲ್ಲಿ ಫೈಲು ನೋಡೋದು ಬಿಟ್ರೆ ನಂಗೇನೂ ಗೊತ್ತಿಲ್ಲ. ಇದನ್ನ ನಂಗೂ ಕಲಿಸ್ಕೊಡ್ತೀರಾ?" ಎಂದು ಕೇಳಿದ.

ತಾಯಿಯಿಲ್ಲದ ಮನೆ ಅದು. ಅಪ್ಪ ಮರಿಯಯ್ಯನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆದರೂ ಜಗುಲಿಯ ಮೇಲೆ ಕೂತು ಇಂಜಿನ್ ಸದ್ದು ಕೇಳಿಯೇ, "ಏರ್ ಫಿಲ್ಟ್ರು ಕಟ್ಕೊಂಡದೆ ಕೂಸೇ" ಅಂದ. ರಾಣಿ ಫಿಲ್ಟರ್ ತೆಗೆದು ಕುಟ್ಟಿದರೆ ಕಬ್ಬಿನ ಗಾಡಿಗಳ ದಾರಿಯ ಧೂಳೆಲ್ಲ ಅಂಗಳಕ್ಕೆ ಉದುರಿತು.

"ಮೂಗು ಕಟ್ಟಿದೋರು ಓಡ್ತಾರಾ ಸರ್? ಇದೂ ಹಂಗೇ."

ಹೊಸ ಫಿಲ್ಟರ್ ಹಾಕಿ, ಪ್ಲಗ್ಗುಗಳನ್ನು ಉಜ್ಜಿ ಕೂರಿಸಿದ ಮೇಲೆ ಅವನು ಬಂದು ಹೇಳಿದ್ದನ್ನು ಕೇಳಬೇಕಿತ್ತು! "ಚಾಮುಂಡಿ ಬೆಟ್ಟ ಹತ್ತಿಸ್ದೆ ರೀ! ಮೊದ್ಲು ಏದುಸಿರು ಬಿಡ್ತಿತ್ತು, ಈಗ ಸುಯ್ಯಂತ ಹೋಯ್ತು. ಪೆಟ್ರೋಲೂ ಕಮ್ಮಿ ಕುಡೀತದೆ!"

ಹೀಗೆ ಭಾನುವಾರಗಳು ಕಳೆದವು. ಅವಳು ಮಾಡುವುದು, ಅವನು ಪಕ್ಕದಲ್ಲಿ ಬಗ್ಗಿ ನೋಡುವುದು, ಕೊನೆಗೆ ಇಬ್ಬರೂ ಸೇರಿ ಎಲ್ಲ ಸರಿಯಾಗಿದೆಯಾ ಎಂದು ತಪಾಸಣೆ ಮಾಡುವುದು. ಶನಿವಾರ ಬಂತೆಂದರೆ ರಾಣಿಗೆ ನಿದ್ದೆಯೇ ಇಲ್ಲ. ಆದರೆ ಬಾಯಿ ತೆರೆದರೆ ಬರೀ 'ಸರ್'! ಅಯ್ಯೋ, ಈ ಹುಡುಗಿಯ ಬಾಯಿಗೆ ಬೀಗ ಹಾಕಿದ್ದು ಯಾರು ಹೇಳಿ!

ಒಂದು ದಿನ ಅವನು ತಲೆ ತಗ್ಗಿಸಿಕೊಂಡು ಹೇಳಿದ. "ಈ ಭಾನುವಾರ ತಿ. ನರಸೀಪುರಕ್ಕೆ ಹೋಗ್ಬೇಕು. ಹೆಣ್ಣು ನೋಡೋಕೆ. ಅವ್ವ ಹಟ ಹಿಡಿದವ್ಳೆ. ಹೊರಡೋಕೆ ಮುಂಚೆ ಆಯಿಲ್ ಬದಲಾಯಿಸಿಕೊಡ್ತೀರಾ?"

ರಾಣಿ "ಆಯ್ತು ಸರ್" ಅಂದಳು. ಅವಳಿಗೆ ಬರುವುದು ಅದೊಂದೇ ತಾನೆ!

ಭಾನುವಾರ ಬೆಳಿಗ್ಗೆ ಅವನ ತಾಯಿ ಪುಟ್ಟಮಾದಮ್ಮನೂ ಜೊತೆಗೆ ಬಂದಿದ್ದಳು. ಜಗುಲಿಯಲ್ಲಿ ಕಾಫಿ ಕುಡಿಯುತ್ತ, "ಬಿರ್ನೆ ಮುಗ್ಸವ್ವ, ಒತ್ತಾಯ್ತು. ಹೆಣ್ಣಿನ ಮನೆ ತಾವ ಕಾರು ನಿಂತೋದ್ರೆ ಮರ್ವಾದೆ ಓಯ್ತದೆ" ಅಂದಳು.

ರಾಣಿ ಕಪ್ಪಗಾಗಿದ್ದ ಹಳೆಯ ಎಣ್ಣೆ ಇಳಿಸಿದಳು, ಹೊಸದನ್ನು ಸುರಿದಳು. ಕಣ್ಣು ಮಂಜಾಗಿ ಎರಡೆರಡು ಸಲ ಒರೆಸಿಕೊಂಡಳು. ಚೆಲುವರಾಜು ಅವತ್ತು ಹತ್ತಿರ ಬರಲೇ ಇಲ್ಲ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೇಟಿನ ಬಳಿಯೇ ನಿಂತಿದ್ದ. ತಪಾಸಣೆಯೂ ಇಲ್ಲ, ಮಾತೂ ಇಲ್ಲ. ಅವಳು ಬಾನೆಟ್ ಮುಚ್ಚಿದಳು, ಕಾರು ಹೋಯಿತು.

ಕೈ ತೊಳೆಯಲು ತೊಟ್ಟಿಯ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು.

ಕಾಂಪೌಂಡ್ ಗೋಡೆಯ ಮೇಲೆ ಇಂಜಿನ್ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ಕೂತಿತ್ತು!

ಒಂದು ಕ್ಷಣ... ಒಂದೇ ಒಂದು ಕ್ಷಣ ಅವಳ ಮನಸ್ಸು ಅಂದಿತು, 'ಹೋಗ್ಲಿ ಬಿಡು. ಕಾರು ದಾರೀಲೇ ನಿಂತ್ಕೊಳ್ಳಲಿ.'

ಮರುಕ್ಷಣವೇ ಮುಚ್ಚಳ ಕೈಗೆತ್ತಿಕೊಂಡಳು. ಛೇ! ನಾನೆಂಥವಳು! ಎಣ್ಣೆ ಹೊರಗೆ ಸಿಡಿದು ಕಾದ ಪೈಪಿನ ಮೇಲೆ ಬಿದ್ದರೆ? ಬೆಂಕಿ ಹತ್ತಿಕೊಂಡರೆ? ವಯಸ್ಸಾದ ತಾಯಿ ಬೇರೆ ಒಳಗಿದ್ದಾಳೆ!

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ!

"ಅಪ್ಪಾ, ಈಗ ಬತ್ತೀನಿ!" ಮುಚ್ಚಳವನ್ನೂ ಉಳಿದ ಎಣ್ಣೆಯ ಡಬ್ಬವನ್ನೂ ಸ್ಕೂಟರಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಡಾಂಬರಿನ ಮೇಲೆ ಎಣ್ಣೆಯ ಹನಿ ಹುಡುಕಿದಳು. ಎದುರಿಗೆ ಹೊಗೆ ಕಂಡರೆ ಜೀವವೇ ಬಾಯಿಗೆ ಬರುತ್ತಿತ್ತು. ಹತ್ತಿರ ಹೋದರೆ ಯಾರೋ ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿದ್ದರು. 'ದೇವರೇ, ಅವರಿಗೇನೂ ಆಗದಿರಲಿ. ನಾನು ಬೇಕೂಂತಲೇ ಮಾಡಿದೆ ಅಂತ ಅವರು ಅಂದುಕೊಂಡರೆ? ಅವರ ಮುಖ ಹೇಗೆ ನೋಡಲಿ?' ಸ್ಕೂಟರ್ ನಿಲ್ಲಿಸಿ ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ!

ಹದಿನಾರು ಅನ್ನೋ ಊರಿನ ಸಮೀಪ ಹುಣಸೆಮರದ ಕೆಳಗೆ ಬಿಳಿ ಕಾರು ನಿಂತಿತ್ತು. ಬಾನೆಟ್ ತೆರೆದಿತ್ತು. ಪುಟ್ಟಮಾದಮ್ಮ ಹೂವಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಚೆಲುವರಾಜು ಕಾರಿಗೆ ಒರಗಿ ನಿಂತಿದ್ದ. ಇಬ್ಬರೂ ಕ್ಷೇಮ! ರಾಣಿಗೆ ಅಲ್ಲೇ ಅಳು ಒತ್ತರಿಸಿ ಬಂತು.

"ತಪ್ಪಾಯ್ತು ಸರ್! ಮುಚ್ಚಳ ಹಾಕೋದು ಮರ್ತುಬಿಟ್ಟೆ!"

ಪುಟ್ಟಮಾದಮ್ಮ ಸಿಡಿದೆದ್ದಳು. "ಮರ್ತೆಯಾ, ಇಲ್ಲ ಬೇಕೂಂತ ಬುಟ್ಟೆಯಾ? ಇಷ್ಟ್ ದಿನ ಮರೀದೋಳು ಇವತ್ತೇ ಮರ್ತಿಯಾ?"

ಮರೆತೆ ಎಂದಷ್ಟೇ ಹೇಳಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ರಾಣಿಗೆ ಆಗಲಿಲ್ಲ.

"ಮರ್ತಿದ್ದು ನಿಜ ಕಣವ್ವ, ದೇವರಾಣೆ. ಆದ್ರೆ ಮುಚ್ಚಳ ಕಣ್ಣಿಗೆ ಬಿದ್ದಾಗ... ಒಂದು ಗಳಿಗೆ ಸುಮ್ನೆ ನಿಂತಿದ್ದೆ. ಕಾರು ದಾರೀಲೇ ನಿಂತ್ಕೊಳ್ಳಲಿ, ಇವ್ರು ಆ ಹುಡ್ಗಿ ಮನೆ ಮುಟ್ಟದೇ ಇರ್ಲಿ ಅಂತ ಅಂದ್ಕೊಂಡೆ. ಅದಂತೂ ಸುಳ್ಳಲ್ಲ. ಬೈಯಿರಿ... ಏನು ಬೇಕಾದ್ರೂ ಅನ್ನಿ."

ಮುದುಕಿ ಮತ್ತೆ ಕಲ್ಲಿನ ಮೇಲೆ ಕೂತಳು.

ಚೆಲುವರಾಜು ಮುಂದೆ ಬಂದ. "ಅವ್ವಾ, ಅವರನ್ನ ಬೈಬೇಡ. ಊರು ದಾಟಿ ಸ್ವಲ್ಪ ದೂರ ಬರೋಷ್ಟರಲ್ಲಿ ಎಣ್ಣೆ ಸುಟ್ಟ ವಾಸನೆ ಬಂತು. ವಾಸನೆ ಬಂದ ತಕ್ಷಣ ಇಂಜಿನ್ ಆಫ್ ಮಾಡ್ಬೇಕು ಅಂತ ಇವರೇ ಕಲಿಸಿದ್ದು. ಆಫ್ ಮಾಡಿ ನೋಡಿದ್ರೆ ಮುಚ್ಚಳವೇ ಇಲ್ಲ. ನಂಗೆ ಎಷ್ಟು ಸಂತೋಷವಾಯ್ತು ಗೊತ್ತಾ?"

"ಏನ್ಲಾ ಅಂದೆ?"

"ಇವರ ಫೋನ್ ಬರ್ತಾನೇ ಇತ್ತು. ಎತ್ತಿದ್ರೆ ರಿಪೇರಿ ಹೇಳ್ಕೊಟ್ಟುಬಿಡೋರು. ಆಮೇಲೆ ನಾನು ಆ ಮನೆಗೆ ಹೋಗ್ಲೇಬೇಕಿತ್ತು. ಅದಕ್ಕೇ ಎತ್ತಲಿಲ್ಲ."

ರಾಣಿ ಕಣ್ಣೀರಿನಲ್ಲೇ ಅವನನ್ನು ನೋಡಿದಳು. ಕೋಪ ಬಂತು, ನಗು ಬಂತು, ಏನು ಮಾಡಲೂ ತೋಚಲಿಲ್ಲ. "ನಾನು ಅಲ್ಲಿ ಸತ್ತು ಬದುಕಿದೆ! ಬೆಂಕಿ ಹತ್ತಿತೋ ಏನೋ ಅಂತ...!"

"ಅದೊಂದು ಯೋಚ್ನೆ ಬರಲಿಲ್ಲ ನಂಗೆ. ತಪ್ಪಾಯ್ತು ರಾಣಿ."

ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ.

ಪುಟ್ಟಮಾದಮ್ಮ ಇಬ್ಬರನ್ನೂ ನೋಡಿ ನಿಟ್ಟುಸಿರಿಟ್ಟಳು. "ಅದಕ್ಕೇ ಬಸ್ಸಲ್ಲಾದ್ರೂ ಓಗಣ ಅಂದ್ರೆ ಮರದಂಗೆ ನಿಂತಿದ್ದ ಬಡ್ಡಿಮಗ! ಮೊದ್ಲು ಆ ಮನೆಗೆ ಪೋನ್ ಮಾಡ್ಲಾ. ಪಾಪ, ಕೇಸರಿಬಾತ್ ಮಾಡ್ಕಂಡು ಕಾಯ್ತಾ ಕುಂತವ್ರೆ. ಕಾರು ಕೆಟ್ಟೋಯ್ತು ಅಂತ ಸುಳ್ಳು ಏಳ್ಬೇಡ. ನಿಜ ಏಳಿ ತಪ್ಪಾಯ್ತು ಅನ್ನು."

ಅವನು ದೂರ ಹೋಗಿ ಫೋನಿನಲ್ಲಿ ನಾಲ್ಕು ಮಾತು ಬೈಸಿಕೊಂಡು ಬಂದ. ಅಷ್ಟರಲ್ಲಿ ರಾಣಿ ಸಿಡಿದ ಎಣ್ಣೆಯನ್ನೆಲ್ಲ ಒರೆಸಿ, ಕಡಿಮೆಯಾಗಿದ್ದಷ್ಟು ಸುರಿದು, ಕಡ್ಡಿಯಲ್ಲಿ ಮಟ್ಟ ನೋಡಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ್ದಳು. ಈ ಸಲ ಅವನೂ ಬಗ್ಗಿ ನೋಡಿದ.

"ನೀವು ಮದ್ವೇನೇ ಬೇಡ ಅಂದಿದ್ದೀರಿ ಅಂತ ನಿಮ್ಮಪ್ಪ ಹೇಳಿದ್ರು. ಅದಕ್ಕೇ ನಾನು ಬಾಯಿ ಬಿಡಲಿಲ್ಲ."

"ಕಣ್ಣು ಕಾಣದ ಅಪ್ಪನ್ನ ಒಬ್ಬರನ್ನೇ ಬಿಟ್ಟು ಹೆಂಗೆ ಹೋಗ್ಲಿ? ಅದಕ್ಕೇ ಬಂದೋರಿಗೆಲ್ಲ ಬೇಡ ಅಂದೆ."

"ಬಿಟ್ಟು ಬನ್ನಿ ಅಂದೋರು ಯಾರು? ಅವರನ್ನ ನೋಡ್ಕೊಳ್ಳೋಕೆ ಒಬ್ಬರ ಬದ್ಲು ಇಬ್ರಿದ್ರೆ ಆಗಲ್ವಾ?"

ರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕಾರಿನೊಳಗಿಂದ ಪುಟ್ಟಮಾದಮ್ಮ, "ನಂಜನಗೂಡಿಗೆ ತಿರುಗ್ಸ್ಲಾ, ಹೂವು ಬಾಡೋಯ್ತದೆ!" ಎಂದು ಕೂಗಿದಳು.

"ಅಪ್ಪ ಗಾಬರಿಯಾಗಿರ್ತಾರೆ. ನಾನು ಮುಂದೆ ಹೋಗಿ ಏನಂತ ಹೇಳ್ಲಿ?" ರಾಣಿ ಮೆಲ್ಲಗೆ ಕೇಳಿದಳು.

"ಹೆಣ್ಣು ನೋಡಿದ್ದಾಯ್ತಂತೆ, ಹುಡುಗನಿಗೆ ಒಪ್ಪಿಗೆಯಂತೆ ಅನ್ನಿ."

"ಮತ್ತೆ... ಹುಡುಗಿಗೆ?"

"ಅದನ್ನ ಹುಡುಗೀನೇ ಹೇಳ್ಬೇಕು."

"ಹುಡುಗಿಗೆ ಯಾವತ್ತೋ ಒಪ್ಪಿಗೆ ಆಗಿತ್ತು ಕಣ್ರೀ... ಕೇಳೋರೇ ಇರ್ಲಿಲ್ಲ!"